ಜಪಾನ್ ಬೇಸ್‌ಬಾಲ್ 2024: ಮೂರನೇ ಸ್ಥಾನದವರು ಕಪ್ ಎತ್ತಿದ ಲೆಕ್ಕ, ಹಾರದ ಚೆಂಡು, ಕೋಶಿಯೆನ್‌ನ ಹತ್ತನೇ ಇನ್ನಿಂಗ್ಸ್

#1 ಅಂಕಪಟ್ಟಿ ಹುಳು

ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆರಾರು ತಂಡಗಳ ಎರಡು ಲೀಗ್, ಕೊನೆಗೆ ಎರಡೂ ಕಡೆಯ ಒಂದೊಂದು ತಂಡ ಕಪ್‌ಗಾಗಿ ಆಡೋದು ಜಪಾನ್ ಸೀರೀಸ್. 2024ರ ಸೆಂಟ್ರಲ್ ಲೀಗ್‌ನ ಕೊನೆಯ ಪಟ್ಟಿ ಹೀಗಿದೆ: ಯೊಮಿಯುರಿ ಜೈಂಟ್ಸ್ 77 ಗೆಲುವು, 59 ಸೋಲು, 7 ಡ್ರಾ. ಹಾನ್‌ಶಿನ್ ಟೈಗರ್ಸ್ 74-63-6. ಯೊಕೊಹಾಮಾ ಡಿಎನ್‌ಎ ಬೇಸ್ಟಾರ್ಸ್ 71-69-3. ಹಿರೋಶಿಮಾ ಕಾರ್ಪ್ 68-70-5. ಆಚೆ ಪೆಸಿಫಿಕ್ ಲೀಗ್‌ನಲ್ಲಿ ಸಾಫ್ಟ್‌ಬ್ಯಾಂಕ್ ಹಾಕ್ಸ್ 91-49-3, ಎರಡನೆಯವರಿಗಿಂತ ಹದಿಮೂರೂವರೆ ಪಂದ್ಯ ಮುಂದೆ. ಕಪ್ ಎತ್ತಿದ್ದು ಮಾತ್ರ 71 ಗೆದ್ದು 69 ಸೋತ ಬೇಸ್ಟಾರ್ಸ್. ಐಪಿಎಲ್ ಪ್ಲೇಆಫ್ ನೋಡಿ ಪಳಗಿದವರಿಗೂ ಇದು ಗಂಟಲಲ್ಲಿ ಇಳಿಯೋದು ಕಷ್ಟ.

ಕೇಳಬೇಕಾದ್ದು ಎರಡು. ಈ 'ಅರ್ಧ ಪಂದ್ಯ ಮುಂದೆ, ಹಿಂದೆ' ಅನ್ನೋ ಲೆಕ್ಕ ಹೇಗೆ? ಮೂರನೆಯವರಿಗೆ ದಾರಿ ಎಷ್ಟು ಅಗಲ ಬಿಟ್ಟಿದ್ದಾರೆ?

#2 ಏಳನೇ ಇನ್ನಿಂಗ್ಸ್

ಮೊದಲು ಪಟ್ಟಿ. ಒಂದು ತಂಡಕ್ಕೆ 143 ಪಂದ್ಯ. ತನ್ನ ಲೀಗ್‌ನ ಐದು ತಂಡಗಳ ಜೊತೆ ತಲಾ 25, ಅಂದರೆ 125. ಆಚೆ ಲೀಗ್‌ನ ಆರು ತಂಡಗಳ ಜೊತೆ ತಲಾ 3, ಅಂದರೆ 18. ಈ 18 ಪಂದ್ಯ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಒಂದೇ ಕಂತಿನಲ್ಲಿ ಮುಗಿಯುತ್ತವೆ. 2024ರಲ್ಲಿ ಆ ಕಂತನ್ನು ಪೆಸಿಫಿಕ್‌ನ ರಾಕುತೆನ್ 13-5ರಲ್ಲಿ ಗೆದ್ದಿತ್ತು. ಲೀಗ್‌ನಲ್ಲಿ ಮುಗಿಸಿದ್ದು ನಾಲ್ಕನೇ ಸ್ಥಾನದಲ್ಲಿ, ಅದು ಬೇರೆ ಮಾತು.

'ಪಂದ್ಯ ಅಂತರ' ಹೀಗೆ: ಗೆಲುವಿನ ವ್ಯತ್ಯಾಸಕ್ಕೆ ಸೋಲಿನ ವ್ಯತ್ಯಾಸ ಕೂಡಿ ಎರಡರಿಂದ ಭಾಗಿಸಿ. ಜೈಂಟ್ಸ್ ಮತ್ತು ಬೇಸ್ಟಾರ್ಸ್ ನಡುವೆ ಗೆಲುವಿನಲ್ಲಿ 6, ಸೋಲಿನಲ್ಲಿ 10. ಒಟ್ಟು 16, ಅಂತರ 8 ಪಂದ್ಯ.

ಸ್ಥಾನ ನಿರ್ಧಾರ ಆಗೋದು ಮಾತ್ರ ಗೆಲುವಿನ ಪ್ರಮಾಣದ ಮೇಲೆ. ಅದರಲ್ಲಿ ಡ್ರಾ ಲೆಕ್ಕಕ್ಕೇ ಇಲ್ಲ, ಛೇದದಿಂದಲೇ ಕಿತ್ತುಹಾಕ್ತಾರೆ. ಜೈಂಟ್ಸ್ 77ನ್ನು 136ರಿಂದ ಭಾಗಿಸಿದರೆ .566. ಮಾಮೂಲಿ ಆಟ ಒಂಬತ್ತು ಇನ್ನಿಂಗ್ಸ್, ಹನ್ನೆರಡನೇ ಇನ್ನಿಂಗ್ಸ್ ಮುಗಿದಾಗಲೂ ಸಮ ಇದ್ದರೆ ಡ್ರಾ, ಎಲ್ಲರೂ ಮನೆಗೆ. ಅದಕ್ಕೇ ಅಮೆರಿಕದ ಪಟ್ಟಿಯಲ್ಲಿ ಕಾಣದ ಮೂರನೇ ಅಂಕಣ ಇಲ್ಲಿದೆ.

ಇದರೊಳಗೆ ಒಂದು ಸೂಕ್ಷ್ಮ ಇದೆ. ಡ್ರಾ ಆದರೆ ತಂಡದ ಪ್ರಮಾಣ ಇದ್ದಲ್ಲೇ ಇರುತ್ತೆ. ಅಂದರೆ .566 ತಂಡಕ್ಕೆ ಒಂದು ಡ್ರಾ ಅಂದರೆ 0.566 ಗೆಲುವು, .350 ತಂಡಕ್ಕೆ 0.350 ಗೆಲುವು. ಬಲಿಷ್ಠರಿಗೆ ಡ್ರಾ ಲಾಭ. 2021ರಲ್ಲಿ ಕೋವಿಡ್ ಕಾರಣಕ್ಕೆ ಒಂಬತ್ತನೇ ಇನ್ನಿಂಗ್ಸ್‌ಗೇ ಆಟ ನಿಲ್ಲಿಸ್ತಿದ್ದರು, ಡ್ರಾಗಳ ಮಳೆ. ಆ ವರ್ಷ ಹಾನ್‌ಶಿನ್ 77 ಗೆದ್ದಿತ್ತು, ಯಾಕುಲ್ಟ್ 73. ಆದರೆ ಯಾಕುಲ್ಟ್ 73-52-18, ಪ್ರಮಾಣ .584. ಹಾನ್‌ಶಿನ್ 77-56-10, ಪ್ರಮಾಣ .579. ನಾಲ್ಕು ಗೆಲುವು ಕಡಿಮೆ ಇದ್ದವರಿಗೆ ಲೀಗ್ ಪಟ್ಟ.

#3 ಬುಲ್‌ಪೆನ್ ಬೆಂಚು

2024ರ ಪೆಸಿಫಿಕ್ ಪಟ್ಟಿಯ ತಲೆ ಮತ್ತು ಬಾಲ ಅಕ್ಕಪಕ್ಕ ಇಟ್ಟು ನೋಡಿ, ಮಜಾ ಇದೆ. ಹಾಕ್ಸ್ 91-49-3. ಸೈಬು ಲಯನ್ಸ್ 49-91-3. ಕನ್ನಡಿ ಹಿಡಿದ ಹಾಗೆ. ಪ್ರಮಾಣ .650 ಮತ್ತು .350, ಅಂತರ ಸರಿಯಾಗಿ 42 ಪಂದ್ಯ.

#4 ಏಳನೇ ಇನ್ನಿಂಗ್ಸ್

ಇನ್ನು ದಾರಿಯ ಅಗಲ. ಕ್ಲೈಮ್ಯಾಕ್ಸ್ ಸೀರೀಸ್, ಅಂದರೆ ಲೀಗ್‌ನ ಮೊದಲ ಮೂರು ತಂಡಗಳ ಪ್ಲೇಆಫ್, ಎರಡೂ ಲೀಗ್‌ಗಳಲ್ಲಿ 2007ರಿಂದ ಇದೆ. ಮೊದಲ ಹಂತ 2ನೇ ಮತ್ತು 3ನೇ ತಂಡದ ನಡುವೆ, ಮೂರರಲ್ಲಿ ಎರಡು ಗೆದ್ದವರಿಗೆ. ಮೂರೂ ಪಂದ್ಯ 2ನೇ ತಂಡದ ಮೈದಾನದಲ್ಲೇ. ಸಮವಾಗಿ ಮುಗಿದರೆ ಮೇಲಿನ ಸ್ಥಾನದವರು ಮುಂದಕ್ಕೆ.

ಅಂತಿಮ ಹಂತ 2024ರಲ್ಲಿ ಆರು ಪಂದ್ಯ, ಎಲ್ಲವೂ ಲೀಗ್ ಗೆದ್ದವರ ಮೈದಾನದಲ್ಲಿ. ಮೊದಲು ನಾಲ್ಕು ಗೆಲುವು ಮುಟ್ಟಿದವರು ಜಪಾನ್ ಸೀರೀಸ್‌ಗೆ. ಆದರೆ ಲೀಗ್ ಗೆದ್ದವರ ಖಾತೆಗೆ ಆಟ ಶುರುವಾಗೋ ಮೊದಲೇ ಒಂದು ಗೆಲುವು ಜಮಾ. ಹಾಗಾಗಿ ಅವರಿಗೆ ಆರರಲ್ಲಿ ಮೂರು ಸಾಕು, ಎದುರಾಳಿಗೆ ನಾಲ್ಕು ಬೇಕು.

ಬೇಸ್ಟಾರ್ಸ್ ಮೊದಲ ಹಂತದಲ್ಲಿ ಎದುರಾಳಿಯ ಮೈದಾನ ಕೋಶಿಯೆನ್‌ಗೆ ಹೋಗಿ ಹಾನ್‌ಶಿನ್‌ನ 3-1, 10-3ರಲ್ಲಿ ಎರಡೇ ದಿನಕ್ಕೆ ಮುಗಿಸಿತು. ಟೋಕಿಯೊ ಡೋಮ್‌ನಲ್ಲಿ ಜೈಂಟ್ಸ್ ವಿರುದ್ಧ ಮೊದಲ ಮೂರು ಗೆದ್ದಿತು, ನಾಲ್ಕು ಮತ್ತು ಐದನೆಯದು ಸೋತಿತು, ಆರನೆಯದನ್ನು 3-2ಕ್ಕೆ ಗೆದ್ದಿತು. ಜಮಾ ಗೆಲುವು ಸೇರಿ ಲೆಕ್ಕ 4-3.

#5 ಮೂಲೆ ಸೀಟು

ಅನ್ಯಾಯ ಅಂದರೆ ಇದೇ ಮಾರಾಯ್ರೆ. ಮಾರ್ಚ್‌ನಿಂದ ಬೆವರು ಸುರಿಸಿ ಎಂಟು ಪಂದ್ಯ ಮುಂದೆ ನಿಂತವನಿಗೆ ಕೊಡೋದು ಒಂದೇ ಒಂದು ಗೆಲುವು?

#6 ಅಂಕಪಟ್ಟಿ ಹುಳು

ಆ ಒಂದು ಗೆಲುವಿನ ಬೆಲೆ ಎಷ್ಟು ಅಂತ ಕೂಡಿ ನೋಡಿದರೆ ಅಷ್ಟೇನೂ ಚಿಲ್ಲರೆ ಅಲ್ಲ. ಎರಡೂ ತಂಡ ಸಮಬಲ, ಡ್ರಾ ಇಲ್ಲ ಅಂತ ಇಟ್ಟುಕೊಳ್ಳಿ. ಆರು ಪಂದ್ಯಕ್ಕೆ 64 ಸಾಧ್ಯತೆ. ಅದರಲ್ಲಿ ಕೆಳಗಿನ ತಂಡ ನಾಲ್ಕು, ಐದು ಅಥವಾ ಆರು ಗೆಲ್ಲುವುದು 15+6+1, ಅಂದರೆ 22. ಶೇಕಡಾ 34. ಲೀಗ್ ಗೆದ್ದವರಿಗೆ ಶೇಕಡಾ 66.

ಮೂರನೇ ಸ್ಥಾನದವರ ಪೂರ್ತಿ ದಾರಿ: ಮೊದಲ ಹಂತ ಅರ್ಧ, ಅಂತಿಮ ಹಂತ 22/64, ಜಪಾನ್ ಸೀರೀಸ್ ಅರ್ಧ. ಗುಣಿಸಿದರೆ ಶೇಕಡಾ 8.6, ಹನ್ನೆರಡಕ್ಕೆ ಒಂದು. ಎರಡು ಲೀಗ್ ಇರೋದರಿಂದ ವರ್ಷಕ್ಕೆ ಎರಡು ಮೂರನೇ ತಂಡ. ನಿಜದಲ್ಲಿ ಆದದ್ದು ಎರಡೇ ಸಲ: 2010ರಲ್ಲಿ ಚಿಬಾ ಲೊಟ್ಟೆ, 2024ರಲ್ಲಿ ಬೇಸ್ಟಾರ್ಸ್. ಸೆಂಟ್ರಲ್ ಕಡೆಯಿಂದ ಇವರೇ ಮೊದಲು. ತಂಡಗಳು ಸಮಬಲ ಅಲ್ಲ ಅನ್ನೋದೂ ಇದರಿಂದ ಕಾಣುತ್ತೆ.

#7 ಮೂಲೆ ಸೀಟು

ಲೆಕ್ಕ ಒಪ್ಪಿದೆ, ನ್ಯಾಯ ಒಪ್ಪಲ್ಲ. .507 ಪ್ರಮಾಣದವರು ಜಪಾನ್ ಸೀರೀಸ್ ಗೆದ್ದದ್ದು ಇತಿಹಾಸದಲ್ಲೇ ಕನಿಷ್ಠ. ಅಲ್ಲಿನವರೇ ಇದಕ್ಕೆ 'ಗೆಕೊಕುಜೊ' ಅಂತಾರೆ, ಕೆಳಗಿನವನು ಒಡೆಯನನ್ನು ಉರುಳಿಸೋದು ಅಂತ. ಹಳೇ ಯುದ್ಧಕಾಲದ ಪದ.

#8 ಬುಲ್‌ಪೆನ್ ಬೆಂಚು

ನಾಣ್ಯ ಚಿಮ್ಮಿದ ಲೆಕ್ಕದಲ್ಲಿ ಪಿಚಿಂಗ್ ಸರದಿ ಸೇರಲ್ಲ, ಕಥೆ ಇರೋದು ಅಲ್ಲೇ.

ಜಪಾನಿನಲ್ಲಿ ಸ್ಟಾರ್ಟರ್ (ಪಂದ್ಯ ಶುರು ಮಾಡೋ ಪಿಚರ್, ಅಂದರೆ ಎಸೆತಗಾರ) ಎಸೆಯೋದು ವಾರಕ್ಕೊಮ್ಮೆ. ಸಾಮಾನ್ಯವಾಗಿ ಸೋಮವಾರ ಆಟ ಇಲ್ಲ, ಆರು ದಿನ ಆಟ, ಆರು ಸ್ಟಾರ್ಟರ್. ಅಮೆರಿಕದಲ್ಲಿ ಐದು ಜನ, ಐದಾರು ದಿನಕ್ಕೊಮ್ಮೆ. ಹಾಗಾಗಿ ಜಪಾನಿನ ಲೀಗ್ ಅಂದರೆ ಆರು ಜನರ ಆಳ ಅಳೆಯೋ ಪರೀಕ್ಷೆ, ಪೋಸ್ಟ್‌ಸೀಸನ್ ಅಂದರೆ ಮೊದಲ ಮೂರು ನಾಲ್ಕು ಜನರ ಪರೀಕ್ಷೆ. ಐದನೆಯವನು, ಆರನೆಯವನು ಸಾಧಾರಣ ಆಗಿರೋ ತಂಡ 143 ಪಂದ್ಯದಲ್ಲಿ 71 ಗೆದ್ದು ನಿಲ್ಲುತ್ತೆ, ಅಕ್ಟೋಬರ್‌ನಲ್ಲಿ ಬೇರೆಯೇ ತಂಡ.

ಬೇಸ್ಟಾರ್ಸ್‌ಗೆ ಅದೂ ಸಲೀಸಾಗಿರಲಿಲ್ಲ. ಎಡಗೈ ಏಸ್ (ತಂಡದ ಮೊದಲ ನಂಬರ್ ಪಿಚರ್) ಕಾತ್ಸುಕಿ ಅಜುಮಾ ಹಾನ್‌ಶಿನ್ ವಿರುದ್ಧದ ಮೊದಲ ಪಂದ್ಯದಲ್ಲೇ ತೊಡೆ ಹಿಡಿದುಕೊಂಡು ಹೊರನಡೆದ. ಮುಖ್ಯ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋವನು) ಯಾಮಾಮೊತೊ ಸೆಪ್ಟೆಂಬರ್‌ನಲ್ಲೇ ಚೆಂಡು ಬಡಿದು ಕೈಮೂಳೆ ಮುರಿದುಕೊಂಡಿದ್ದ. ಹಿರಿಯ ತೊಬಾಶಿರಾ ಮಾಸ್ಕ್ ಹಾಕಿಕೊಂಡು ಕೂತ.

ಜಪಾನ್ ಸೀರೀಸ್‌ನ ಮೊದಲೆರಡು ಪಂದ್ಯ ಯೊಕೊಹಾಮಾದಲ್ಲೇ 5-3, 6-3ರಲ್ಲಿ ಹಾಕ್ಸ್ ಪಾಲು. ಫುಕುವೋಕಾಗೆ ಹೋದ ಮೇಲೆ ಮೂರನೆಯದರಲ್ಲಿ ಅಜುಮಾ ವಾಪಸ್. 7 ಇನ್ನಿಂಗ್ಸ್, 10 ಹಿಟ್ (ಹೊಡೆದು ಬೇಸ್ ಮುಟ್ಟಿದ್ದು) ಕೊಟ್ಟ, ರನ್ ಮಾತ್ರ ಒಂದೇ. ಹತ್ತು ಹಿಟ್‌ಗೆ ಒಂದು ರನ್ ಅಂದರೆ ಬೇಸ್ ಮೇಲೆ ಆಳು ಇದ್ದಾಗಲೆಲ್ಲ ಔಟ್ ಹುಡುಕಿಕೊಂಡಿದ್ದಾನೆ ಅಂತ. ನಾಲ್ಕನೆಯದಕ್ಕೆ ಆಂಥೊನಿ ಕೇ 7 ಇನ್ನಿಂಗ್ಸ್ ಸೊನ್ನೆ, ಐದನೆಯದಕ್ಕೆ ಆಂಡ್ರೆ ಜಾಕ್ಸನ್ 7 ಇನ್ನಿಂಗ್ಸ್ ಸೊನ್ನೆ. 4-1, 5-0, 7-0. ಆರನೆಯದು 11-2, ಐದನೇ ಇನ್ನಿಂಗ್ಸ್ ಒಂದರಲ್ಲೇ 7 ರನ್. ಲೀಗ್‌ನಲ್ಲಿ 91 ಗೆದ್ದ ಹಾಕ್ಸ್ ಸತತ 29 ಇನ್ನಿಂಗ್ಸ್ ಒಂದೂ ರನ್ ಇಲ್ಲದೆ ಕೂತರು, ಜಪಾನ್ ಸೀರೀಸ್‌ನ ದಾಖಲೆ ಅದು. ಮೊದಲ ಐದು ಪಂದ್ಯವೂ ಹೊರಗಿಂದ ಬಂದ ತಂಡದ್ದೇ. ಸರಣಿ ಶ್ರೇಷ್ಠ (ಎಂವಿಪಿ) ಮಸಾಯುಕಿ ಕುವಾಹಾರಾ.

#9 ಹೊಸಬ

ಹಾಕ್ಸ್‌ಗೆ ಡಿಎಚ್ (ಪಿಚರ್ ಬದಲು ಬ್ಯಾಟ್ ಮಾಡೋವನು) ಇತ್ತಲ್ಲ, ಪಿಚರ್ ಬ್ಯಾಟ್ ಹಿಡಿಯಬೇಕಿಲ್ಲ. ಆದರೂ ಹೀಗಾ?

#10 ಏಳನೇ ಇನ್ನಿಂಗ್ಸ್

ಅರ್ಧ ಸರಿ. ಜಪಾನ್ ಸೀರೀಸ್‌ನಲ್ಲಿ ಮೈದಾನ ಯಾರದೋ ನಿಯಮ ಅವರದು. 1, 2 ಮತ್ತು 6ನೇ ಪಂದ್ಯ ಯೊಕೊಹಾಮಾದಲ್ಲಿ, ಅಲ್ಲಿ ಎರಡೂ ಕಡೆ ಪಿಚರ್ ಬ್ಯಾಟ್ ಮಾಡಲೇಬೇಕು. 3, 4, 5 ಫುಕುವೋಕಾದಲ್ಲಿ, ಅಲ್ಲಿ ಇಬ್ಬರಿಗೂ ಡಿಎಚ್. ಅಂದರೆ ಹಾಕ್ಸ್ ಗೆದ್ದ ಎರಡೂ ಡಿಎಚ್ ಇಲ್ಲದ ಪಂದ್ಯ, ಸೊನ್ನೆ ಸುತ್ತಿದ ಎರಡೂ ಡಿಎಚ್ ಇದ್ದ ಪಂದ್ಯ!

ಪೆಸಿಫಿಕ್‌ನಲ್ಲಿ 1975ರಿಂದ ಡಿಎಚ್ ಇದೆ. ಸೆಂಟ್ರಲ್ 2027ರಿಂದ ತರೋದಾಗಿ 2025ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. ಹೈಸ್ಕೂಲು ಬೇಸ್‌ಬಾಲ್ 2026ರ ವಸಂತದಿಂದ. ಐವತ್ತು ವರ್ಷ ಚರ್ಚಿಸಿದ್ದನ್ನು ಒಂದೇ ವಾರದಲ್ಲಿ ಇಬ್ಬರೂ ಮುಗಿಸಿದರು.

#11 ಮರದ ಬ್ಯಾಟು

ಚೆಂಡು ಹಾರದ ವಿಷಯ ಯಾರೂ ಎತ್ತಲಿಲ್ಲ. 2024ರಲ್ಲಿ ಎರಡೂ ಲೀಗ್ ಸೇರಿ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸರದಿಗಳಲ್ಲಿ ಹಿಟ್‌ಗಳ ಪ್ರಮಾಣ) .300 ದಾಟಿದವರು ಮೂರೇ ಜನ: ಬೇಸ್ಟಾರ್ಸ್‌ನ ಟೈಲರ್ ಆಸ್ಟಿನ್ .316, ಯಾಕುಲ್ಟ್‌ನ ಡೊಮಿಂಗೊ ಸಂತಾನ .315, ಹಾಕ್ಸ್‌ನ ಕೆನ್ಸುಕೆ ಕೊಂಡೊ .314. ಹನ್ನೆರಡು ತಂಡಕ್ಕೆ ಮೂರು ಜನ. ಆಚೆ ಪಿಚರ್‌ಗಳ ಪಟ್ಟಿ ನೋಡಿ. ಚುನಿಚಿಯ ಹಿರೋತೊ ತಾಕಾಹಾಶಿ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಹೊಣೆಯ ರನ್) 1.38, ಅದೂ ಕೊನೆಯ ಸ್ಥಾನದ ತಂಡದಲ್ಲಿ. ಹಾಕ್ಸ್‌ನ ಲಿವಾನ್ ಮೊಯ್ನೆಲೊ 1.88. ಮೇ 24ಕ್ಕೆ ಶೋಸೈ ತೊಗೊ ಕೋಶಿಯೆನ್‌ನಲ್ಲಿ ಹಾನ್‌ಶಿನ್‌ಗೆ ಒಂದೂ ಹಿಟ್ ಕೊಡಲಿಲ್ಲ. ಎರಡು ವಾರಕ್ಕೆ, ಜೂನ್ 7ಕ್ಕೆ, ದೈಚಿ ಓಸೆರಾ ಲೊಟ್ಟೆಗೆ ಅದೇ ಗತಿ ಕಾಣಿಸಿದ.

ಚೆಂಡು ಬದಲಾಗಿದೆ ಅಂತ ಆಟಗಾರರ ಕಡೆಯಿಂದ ಗೊಣಗಾಟ ಇತ್ತು, ಮಾನದಂಡದೊಳಗೇ ಇದೆ ಅಂತ ಲೀಗ್ ಕಡೆಯ ಉತ್ತರ. ಈ ಮಾತನ್ನು ಜನ ಬೇಗ ನಂಬಲ್ಲ, ಅದಕ್ಕೆ 2013 ಕಾರಣ. ಆ ವರ್ಷ ಚೆಂಡನ್ನು ಹೆಚ್ಚು ಹಾರುವ ಹಾಗೆ ಸದ್ದಿಲ್ಲದೆ ಬದಲಾಯಿಸಿ, ಮೊದಲು ಇಲ್ಲ ಅಂದು, ಜೂನ್‌ನಲ್ಲಿ ಹೌದು ಅಂದರು. ಕಮಿಷನರ್ ಕುರ್ಚಿ ಬಿಡಬೇಕಾಯ್ತು.

#12 ಬುಲ್‌ಪೆನ್ ಬೆಂಚು

ಚೆಂಡೊಂದನ್ನೇ ದೂರಬೇಡಿ. ಪಿಚರ್‌ಗಳ ವೇಗ ವರ್ಷವರ್ಷ ಏರ್ತಿದೆ, ವಾರಕ್ಕೊಮ್ಮೆ ಎಸೆಯೋದರಿಂದ ಪೂರ್ತಿ ಚೇತರಿಕೆ. ರಿಲೀವರ್‌ಗಳನ್ನು (ನಡುವೆ ಬಂದು ಎಸೆಯೋ ಪಿಚರ್‌ಗಳು) ತಿರುಗಿಸೋಕೂ ನಿಯಮ ಅನುಕೂಲ. ಮೊದಲ ತಂಡದಲ್ಲಿ 31 ಜನ ನೋಂದಣಿ, ಬೆಂಚಿನಲ್ಲಿ 26. ಮಿಕ್ಕ ಐದು ಜಾಗದಲ್ಲಿ ಆ ದಿನ ಎಸೆಯದ ಸ್ಟಾರ್ಟರ್‌ಗಳನ್ನು ಇಡ್ತಾರೆ, ಬೆಂಚಿನ 26ರಲ್ಲಿ ಒಂದೂ ವ್ಯರ್ಥ ಆಗಲ್ಲ. ಒಮ್ಮೆ ನೋಂದಣಿಯಿಂದ ತೆಗೆದರೆ ಹತ್ತು ದಿನ ವಾಪಸ್ ತರೋ ಹಾಗಿಲ್ಲ. ಈ ಹತ್ತು ದಿನದ ನಿಯಮವನ್ನೇ ತಿರುಗಿಸಿ, ದಣಿದ ಸ್ಟಾರ್ಟರ್‌ಗೆ ಒಂದು ಸರದಿ ತಪ್ಪಿಸಿ ವಿಶ್ರಾಂತಿ ಕೊಡೋಕೆ ಬಳಸ್ತಾರೆ.

ಆಳ ಕರಗಿದರೆ ಏನಾಗುತ್ತೆ ಅನ್ನೋದಕ್ಕೆ ಹಿರೋಶಿಮಾ ನೋಡಿ. ಆಗಸ್ಟ್ ಮುಗಿದಾಗ ಸೆಂಟ್ರಲ್‌ನಲ್ಲಿ ಮೊದಲ ಸ್ಥಾನ. ಸೆಪ್ಟೆಂಬರ್‌ನಲ್ಲಿ 5 ಗೆಲುವು, 20 ಸೋಲು. ನಾಲ್ಕಕ್ಕೆ ಇಳಿದು ಕ್ಲೈಮ್ಯಾಕ್ಸ್‌ನಿಂದಲೇ ಔಟ್. ಹೊಡೆತದಲ್ಲಿ ಬಲ ಇಲ್ಲದ ತಂಡ ಒಂದು ರನ್, ಎರಡು ರನ್ ಅಂತರದಲ್ಲೇ ಬದುಕಿದರೆ ಪಿಚಿಂಗ್ ಒಂದು ಗೆರೆ ಸವೆದರೂ ಪೂರ್ತಿ ಕುಸಿಯುತ್ತೆ. ಬೇಸ್ಟಾರ್ಸ್ ಮೂರನೆಯವರಾಗಿ ಒಳಗೆ ಬಂದದ್ದೇ ಆ ಬಾಗಿಲಿಂದ.

#13 ಹೊಸಬ

ಶಾಲಾ ಹುಡುಗರ ಆಟದಲ್ಲೂ ಅದೇ ವರ್ಷ ಹೋಮ್‌ರನ್ ಬತ್ತಿಹೋಯ್ತು ಅಂತ ಓದಿದೆ. ಅಲ್ಲೂ ಚೆಂಡಿನ ತಕರಾರಾ?

#14 ಮರದ ಬ್ಯಾಟು

ಇಲ್ಲ, ಅಲ್ಲಿ ಬ್ಯಾಟು. ಹೈಸ್ಕೂಲಿನವರು ಆಡೋದು ಲೋಹದ ಬ್ಯಾಟಿನಲ್ಲಿ. 2024ರ ವಸಂತದಿಂದ ಹೊಸ ಮಾನದಂಡ ಕಡ್ಡಾಯವಾಯ್ತು. ಹೊಡೆಯುವ ಭಾಗದ ವ್ಯಾಸ ಗರಿಷ್ಠ 67 ಮಿ.ಮೀ. ಇದ್ದದ್ದು 64ಕ್ಕಿಂತ ಕಡಿಮೆ. ಅಲ್ಲಿನ ಲೋಹದ ದಪ್ಪ ಸುಮಾರು 3 ಮಿ.ಮೀ. ಇದ್ದದ್ದು 4ಕ್ಕೆ. ತೂಕ ಮೊದಲಿನಂತೆ 900 ಗ್ರಾಂ ಮೇಲೆ.

ಒಂದು ಮಿ.ಮೀ. ಅಂದರೆ ಅಷ್ಟೇನು ಅನ್ನಬೇಡಿ. ತೆಳು ಗೋಡೆಯ ಕೊಳವೆಗೆ ಚೆಂಡು ಬಡಿದಾಗ ಗೋಡೆ ಒಳಕ್ಕೆ ಬಗ್ಗಿ ವಾಪಸ್ ಚಿಮ್ಮುತ್ತೆ, ಚೆಂಡು ಕಡಿಮೆ ಅಮುಕುತ್ತೆ, ಶಕ್ತಿ ಉಳಿಯುತ್ತೆ. ಗೋಡೆ ದಪ್ಪ ಆದರೆ ಬಗ್ಗೋದು ಬ್ಯಾಟಲ್ಲ, ಚೆಂಡು. ಚೆಂಡು ಚಪ್ಪಟೆಯಾಗಿ ತನ್ನೊಳಗೇ ಶಕ್ತಿ ಕಳೆದುಕೊಳ್ಳುತ್ತೆ. ವ್ಯಾಸ ಕುಗ್ಗಿದ್ದರಿಂದ ಸರಿಯಾಗಿ ತಾಗುವ ಪಟ್ಟಿಯೂ ಕಿರಿದು. ಮೊದಲು ಬುಡಕ್ಕೆ ತಾಗಿದರೂ ಒಳಮೈದಾನ ದಾಟ್ತಿದ್ದ ಚೆಂಡು ಈಗ ಪಿಚರ್ ಕೈಗೆ.

ಉದ್ದೇಶವೂ ಪಿಚರ್‌ನ ರಕ್ಷಣೆಯೇ. 2019ರ ಬೇಸಿಗೆ ಕೋಶಿಯೆನ್‌ನಲ್ಲಿ ಹೊಡೆದ ಚೆಂಡು ನೇರ ಪಿಚರ್ ಮುಖಕ್ಕೆ ಬಡಿದು ಕೆನ್ನೆಮೂಳೆ ಮುರಿದಿತ್ತು.

ಪರಿಣಾಮ ಕಣ್ಣಿಗೆ ಹೊಡೆಯುವಂಥದ್ದು. ವಸಂತ ಟೂರ್ನಿಯಲ್ಲಿ 2023ಕ್ಕೆ 12 ಹೋಮ್‌ರನ್, 2024ಕ್ಕೆ 3, ಅದರಲ್ಲೂ ಒಂದು ಬೇಲಿ ದಾಟದೆ ಓಡಿಯೇ ಗಳಿಸಿದ್ದು. ಬೇಸಿಗೆಯಲ್ಲಿ 23 ಇದ್ದದ್ದು 7. ಕೆಲವು ಹುಡುಗರು 'ಇದಕ್ಕಿಂತ ಮರವೇ ವಾಸಿ' ಅಂತ ಮರದ ಬ್ಯಾಟಿಗೆ ಹೋದರು. ನಿಯಮ ಅದನ್ನು ತಡೆಯಲ್ಲ.

#15 ಎಡಗೈ ಸ್ಕೋರರ್

ಹೋಮ್‌ರನ್ ಎಣಿಕೆಗಿಂತ ನೋಡಬೇಕಾದ್ದು ಔಟ್‌ಫೀಲ್ಡರ್ ನಿಲ್ಲೋ ಜಾಗ. ಚೆಂಡು ತಲೆ ಮೇಲೆ ಹೋಗಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ಹೆಜ್ಜೆ ಹೆಜ್ಜೆ ಮುಂದೆ ಬಂದರು. ಮುಂದೆ ಬಂದರೆ, ಎರಡನೇ ಬೇಸಿನಲ್ಲಿರುವವನು ಸಿಂಗಲ್‌ಗೆ (ಒಂದು ಬೇಸಿನ ಹಿಟ್) ಮನೆಗೆ, ಅಂದರೆ ರನ್ ಗಳಿಸೋ ಹೋಮ್ ಬೇಸಿಗೆ, ಓಡೋದು ಜೂಜು.

ಬೇಸಿಗೆ ಟೂರ್ನಿಯ ಆಗಸ್ಟ್ 21ರ ಸೆಮಿಫೈನಲ್ ಇದಕ್ಕೆ ಪಾಠದಂತಿದೆ. ಕಾಂತೊ ದೈಇಚಿ 2, ಕಾಮಿಮುರಾ ಗಾಕುಎನ್ 1. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಒಂದು ಮತ್ತು ಎರಡನೇ ಬೇಸಿನಲ್ಲಿ ಓಟಗಾರರು. ನಡು ಮೈದಾನಕ್ಕೆ ಸಿಂಗಲ್. ಎರಡು ಔಟ್ ಇದ್ದದ್ದರಿಂದ ಬ್ಯಾಟು ತಾಗಿದ ಕೂಡಲೇ ಓಟ ಶುರು. ಹಳೇ ಬ್ಯಾಟಿನ ಕಾಲದಲ್ಲಿ ಇದು ಹತ್ತಕ್ಕೆ ಒಂಬತ್ತು ಸಲ ಸಮ ಮಾಡುವ ರನ್. ಸೆಂಟರ್ ಫೀಲ್ಡರ್ ಮುಂದೆ ನಿಂತಿದ್ದ, ಓಡುತ್ತಲೇ ಎತ್ತಿದ, ಒಂದೂ ಪುಟಿತ ಇಲ್ಲದೆ ಕ್ಯಾಚರ್ ಕೈಗೆ ಎಸೆದ. ಔಟ್. ಪಂದ್ಯ ಅಲ್ಲಿಗೇ ಮುಗೀತು. ತೋಳಿನ ಬಲಕ್ಕೆ ಚಪ್ಪಾಳೆ ಸರಿ, ಆದರೆ ಅರ್ಧ ಕೆಲಸ ನಿಂತ ಜಾಗ ಮಾಡಿತ್ತು.

#16 ಹೊಸಬ

ಟೂರ್ನಿಯ ಚೌಕಟ್ಟು ಒಂದು ಸಲ ಹೇಳಿಬಿಡಿ ಸರ್. ವಸಂತ, ಬೇಸಿಗೆ ಅಂತ ಎರಡಿದೆಯಲ್ಲ.

#17 ಎಡಗೈ ಸ್ಕೋರರ್

ಎರಡೂ ಕೋಶಿಯೆನ್ ಮೈದಾನದಲ್ಲೇ. ವಸಂತದ್ದು ಮಾರ್ಚ್‌ನಲ್ಲಿ, ಹೆಸರು ಸೆನ್‌ಬಾತ್ಸು, ಅಂದರೆ 'ಆಯ್ಕೆ'. ಹಿಂದಿನ ಶರತ್ಕಾಲದ ಪ್ರಾದೇಶಿಕ ಟೂರ್ನಿಗಳ ಆಟ ನೋಡಿ ಸಮಿತಿ 32 ಶಾಲೆ ಆರಿಸುತ್ತೆ. ಅದರಲ್ಲಿ '21ನೇ ಶತಮಾನದ ಕೋಟಾ' ಅಂತ ಒಂದೆರಡು ಸೀಟು, ಮೈದಾನ ಹಂಚಿಕೊಂಡು, ಹಿಮದಲ್ಲಿ ಅಭ್ಯಾಸ ಮಾಡಿ ಬಂದ ಸಾಮಾನ್ಯ ಶಾಲೆಗಳಿಗೆ. 2024ರದ್ದನ್ನು ತಾಕಾಸಾಕಿ ಆರೋಗ್ಯ ಕಲ್ಯಾಣ ವಿಶ್ವವಿದ್ಯಾಲಯದ ಹೈಸ್ಕೂಲು, ಹೊತೊಕು ಗಾಕುಎನ್ ವಿರುದ್ಧ 3-2ಕ್ಕೆ ಗೆದ್ದಿತು.

ಬೇಸಿಗೆಯದ್ದಕ್ಕೆ ಆಯ್ಕೆ ಗೀಯ್ಕೆ ಇಲ್ಲ, ಗೆದ್ದು ಬರಬೇಕು. 47 ಪ್ರಾಂತ್ಯ, ಹೊಕ್ಕಾಯ್ದೊ ಮತ್ತು ಟೋಕಿಯೊಗೆ ಎರಡೆರಡು ಸೀಟು, ಒಟ್ಟು 49. ಸ್ಥಳೀಯ ಹಂತದಲ್ಲಿ ಸುಮಾರು 3,400 ತಂಡ. ಒಂದು ಸೋತರೆ ಮನೆಗೆ. 49 ಅನ್ನೋದು ಎರಡರ ಘಾತ ಅಲ್ಲದ್ದರಿಂದ 15 ಶಾಲೆಗಳಿಗೆ ಮೊದಲ ಸುತ್ತು ಇಲ್ಲ, ಅವರಿಗೆ ಕಪ್‌ಗೆ ಐದು ಗೆಲುವು, ಉಳಿದ 34ಕ್ಕೆ ಆರು. ಚೀಟಿ ಎತ್ತೋದರಲ್ಲೇ ಒಂದು ಪಂದ್ಯದ ಎಸೆತಗಳು ಉಳಿಯುತ್ತವೆ. ಒಬ್ಬ ಪಿಚರ್‌ಗೆ ಒಂದು ವಾರದಲ್ಲಿ 500 ಎಸೆತದ ಮಿತಿ ಇರೋದರಿಂದ ಇದು ಸಣ್ಣ ವಿಷಯ ಅಲ್ಲ.

#18 ಮೂಲೆ ಸೀಟು

500 ಮಿತಿ ಹೆಸರಿಗಷ್ಟೇ ಅಲ್ವಾ? ದಿನಕ್ಕೆ 120ರಂತೆ ವಾರದಲ್ಲಿ ನಾಲ್ಕು ಪಂದ್ಯ ಎಸೆದರೂ 480.

#19 ಎಡಗೈ ಸ್ಕೋರರ್

ನಿಜ, ಸಡಿಲವಾದ ನಿಯಮ. ಆದರೆ ಕೆಲಸ ಮಾಡಿದ್ದು ಬೇರೆ ರೀತಿ. ಏಸ್ ಫೈನಲ್ ಹೊತ್ತಿಗೆ 500 ಮುಟ್ಟಿ ಕೂರಬೇಕಾದರೆ ಏನು ಗತಿ ಅಂತ ಕೋಚ್‌ಗಳು ಮೊದಲೇ ಎರಡನೇ ಪಿಚರ್ ತಯಾರು ಮಾಡತೊಡಗಿದರು. 2024ರ ಬೇಸಿಗೆ ಗೆದ್ದ ಕ್ಯೋತೊ ಕೊಕುಸೈ ಬಳಿ ಒಂದೇ ಗುಣಮಟ್ಟದ ಇಬ್ಬರು ಎಡಗೈನವರಿದ್ದರು. ಒಬ್ಬನೇ ಹುಡುಗ ಎಲ್ಲ ಪಂದ್ಯ ಎಸೆದು ಗೆಲ್ಲೋ ಕಾಲ ಹೋಯ್ತು.

ಬಿಸಿಲಿಗೂ ಒಂದಷ್ಟು ಮಾಡಿದ್ದಾರೆ. 2023ರಿಂದ ಐದನೇ ಇನ್ನಿಂಗ್ಸ್ ಮುಗಿದ ಮೇಲೆ ಹತ್ತು ನಿಮಿಷ ತಣ್ಣಗಿನ ಕೋಣೆಯಲ್ಲಿ ವಿರಾಮ. ಇದರ ಎಡವಟ್ಟು ಏನಂದರೆ, ತಣ್ಣಗಾದ ಕಾಲು ಮತ್ತೆ ಒಮ್ಮೆಗೇ ಓಡಿದಾಗ ಹಿಡಿದುಕೊಳ್ಳುತ್ತೆ, ಆರನೇ ಇನ್ನಿಂಗ್ಸ್‌ನಲ್ಲಿ ಮೀನಖಂಡ ಹಿಡಿದು ಕೂತವರು ಕಾಣಿಸಿದರು. ಕೊನೆಯ ಎರಡು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು ಬಂದ ತಂಡಗಳಿಗೆ ತೊಂದರೆ ಕಡಿಮೆ. 2024ರಲ್ಲಿ ಮೊದಲ ಮೂರು ದಿನ ಪಂದ್ಯಗಳನ್ನು ಬೆಳಿಗ್ಗೆ ಮತ್ತು ಸಂಜೆಗೆ ಒಡೆದು ಉರಿಬಿಸಿಲು ಖಾಲಿ ಬಿಟ್ಟರು.

#20 ಮರದ ಬ್ಯಾಟು

ಕೋಶಿಯೆನ್ ಮೈದಾನಕ್ಕೆ ಆ ವರ್ಷವೇ ನೂರು ತುಂಬಿದ್ದು, 1924ರ ಆಗಸ್ಟ್ 1ರಂದು ತೆರೆದದ್ದು. ಬದಿಗೆರೆಯಲ್ಲಿ 95 ಮೀಟರ್, ನಡುವೆ 118. ಸಮುದ್ರದ ಗಾಳಿ, 'ಹಾಮಾಕಾಝೆ', ಬಲದಿಂದ ಎಡಕ್ಕೆ ಬೀಸುತ್ತೆ. ಎಡಗೈ ಬ್ಯಾಟರ್ ಬಲಕ್ಕೆ ಎತ್ತಿದ ಚೆಂಡು ಗಾಳಿಗೆ ಸಿಕ್ಕಿ ಬೇಲಿಯ ಒಳಗೇ ಬೀಳುತ್ತೆ. ಒಳಮೈದಾನಕ್ಕೆ ಹುಲ್ಲಿಲ್ಲ, ಕರಿಮಣ್ಣಿಗೆ ಮರಳು ಬೆರೆಸಿದ್ದು. ಸೋತ ಹುಡುಗರು ಚೀಲಕ್ಕೆ ತುಂಬಿಕೊಳ್ಳೋದು ಇದೇ ಮಣ್ಣು.

ಮೈದಾನ ಹಾನ್‌ಶಿನ್ ಟೈಗರ್ಸ್‌ನ ತವರು, ಆದರೆ ಆಗಸ್ಟ್‌ನಲ್ಲಿ ಮನೆಯವರೇ ಮನೆ ಬಿಡಬೇಕು. ಅದಕ್ಕೆ ಹಿಂದೆ 'ಸಾವಿನ ಪಯಣ' ಅಂತಿದ್ದರು. ಈಗ ಒಸಾಕಾದ ಕ್ಯೋಸೆರಾ ಡೋಮ್‌ನಲ್ಲಿ ಕೆಲವು ಪಂದ್ಯ ಇಟ್ಟುಕೊಂಡು ಸುಧಾರಿಸ್ತಾರೆ. ಟೋಕಿಯೊ ಡೋಮ್‌ಗೂ ಬೇಸಿಗೆಯಲ್ಲಿ ಇಂಥದ್ದೇ ಪಾಡು, ಕಂಪನಿ ತಂಡಗಳ ನಗರ ಟೂರ್ನಿ ಬಂದಾಗ ಜೈಂಟ್ಸ್ ಹೊರಗೆ. ಆ ಟೂರ್ನಿಗೆ ಅರ್ಹತೆ ಪಡೆದ ಕಂಪನಿ ತಂಡ ತನ್ನ ಪ್ರದೇಶದ ಅರ್ಹತಾ ಸುತ್ತಿನಲ್ಲಿ ಸೋತ ತಂಡಗಳಿಂದ ಮೂವರವರೆಗೆ ಎರವಲು ತಗೊಂಡು ಹೋಗಬಹುದು. ಎಂಥ ಒಳ್ಳೆ ನಿಯಮ!

#21 ಹೊಸಬ

ಫೈನಲ್‌ನ ಹತ್ತನೇ ಇನ್ನಿಂಗ್ಸ್ ಯಾರಾದರೂ ಬಿಡಿಸಿ ಹೇಳಿ. ಸ್ಕೋರ್‌ಕಾರ್ಡ್ ನೋಡಿದರೆ ತಲೆಬುಡ ತಿಳೀಲಿಲ್ಲ.

#22 ಎಡಗೈ ಸ್ಕೋರರ್

ಆಗಸ್ಟ್ 23, ಕ್ಯೋತೊ ಕೊಕುಸೈ ಮತ್ತು ಕಾಂತೊ ದೈಇಚಿ. ಒಂಬತ್ತು ಇನ್ನಿಂಗ್ಸ್ 0-0. 2023ರಿಂದ ಹತ್ತನೆಯದಕ್ಕೇ ಟೈ-ಬ್ರೇಕ್ (ಮೊದಲು ಹದಿಮೂರಕ್ಕೆ ಇತ್ತು). ಔಟ್ ಇಲ್ಲ, ಒಂದು ಮತ್ತು ಎರಡನೇ ಬೇಸಿನಲ್ಲಿ ಓಟಗಾರರು. ಬ್ಯಾಟಿಂಗ್ ಸರದಿ ನಿಂತಲ್ಲಿಂದಲೇ ಮುಂದುವರಿಯುತ್ತೆ, ಆ ಇನ್ನಿಂಗ್ಸ್‌ನ ಮೊದಲ ಬ್ಯಾಟರ್‌ಗಿಂತ ಹಿಂದಿನ ಇಬ್ಬರು ಬೇಸಿನಲ್ಲಿ. ಒಬ್ಬ ಹಿಂದಿನವನು ಒಂದನೇ ಬೇಸ್, ಇಬ್ಬರು ಹಿಂದಿನವನು ಎರಡನೇ ಬೇಸ್. ಬೇಸಿಗೆಯ ಫೈನಲ್ ಟೈ-ಬ್ರೇಕ್‌ಗೆ ಹೋದದ್ದು ಇದೇ ಮೊದಲು.

ಕ್ಯೋತೊ ಸರದಿಯಲ್ಲಿ ಮೊದಲು ಬರಬೇಕಾದವನು ಒಂಬತ್ತು ಇನ್ನಿಂಗ್ಸ್ ಸೊನ್ನೆ ಎಸೆದ ಪಿಚರ್. ಅವನನ್ನು ತೆಗೆದು ಬದಲಿ ಬ್ಯಾಟರ್ ಹಾಕಿದರು. ಆ ಬದಲಿ ಯಾರು ಅಂದರೆ ಇನ್ನೊಬ್ಬ ಎಡಗೈ ಪಿಚರ್! ಒಂದೇ ಬದಲಾವಣೆಯಲ್ಲಿ ಬ್ಯಾಟರ್ ಮತ್ತು ಮುಂದಿನ ಅರ್ಧದ ಪಿಚರ್ ಎರಡೂ. ಅವನ ಸಿಂಗಲ್‌ಗೆ ಬೇಸ್ ಭರ್ತಿ. ಮುಂದಿನವನಿಗೆ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಸಿಗೋ ಪುಕ್ಕಟೆ ಬೇಸ್), ಒಂದು ರನ್ ತಳ್ಳಿಕೊಂಡು ಬಂತು. ಅದರ ಮುಂದೆ ಎತ್ತರದ ಹೊಡೆತ ಹಿಡಿದಾಗ ಮೂರನೇ ಬೇಸಿನವನು ಓಡಿ ಎರಡನೆಯದು.

ಕೆಳ ಅರ್ಧದಲ್ಲಿ, ಅಂದರೆ ಎರಡನೆಯದಾಗಿ ಬ್ಯಾಟ್ ಮಾಡೋ ತಂಡದ ಸರದಿಯಲ್ಲಿ, ಕಾಂತೊಗೆ ಒಂದು ರನ್ ಬಂತು. ಎರಡು ಔಟ್, ಬೇಸ್ ಭರ್ತಿ, ಸ್ಟ್ರೈಕೌಟ್. 2-1.

#23 ಏಳನೇ ಇನ್ನಿಂಗ್ಸ್

ಬಂಟ್ (ಬ್ಯಾಟು ಬೀಸದೆ ಚೆಂಡನ್ನು ಹತ್ತಿರವೇ ಬಿಟ್ಟು ಓಟಗಾರರನ್ನು ದಾಟಿಸೋದು) ಮಾಡದೆ ಹೊಡೆಸಿದ್ದು ಸರಿಯಾದ ಲೆಕ್ಕ. ಮೇಲಿನ ಅರ್ಧದಲ್ಲಿ ಬಂಟ್ ಮಾಡಿದರೆ ಒಂದು ಔಟ್‌ಗೆ ಎರಡು ಮತ್ತು ಮೂರನೇ ಬೇಸ್. ಒಂದು ರನ್ ಬರೋ ಸಾಧ್ಯತೆ ಏರುತ್ತೆ, ಮೂರು ನಾಲ್ಕು ಬರೋದು ಇಳಿಯುತ್ತೆ. ಆದರೆ ಎದುರಾಳಿಗೂ ಅದೇ ಇಬ್ಬರು ಬೇಸಿನಲ್ಲಿ ಕಾದಿರುವಾಗ ಒಂದು ರನ್ ಯಾವ ಮೂಲೆಗೆ? ಕೆಳ ಅರ್ಧದವರಿಗೆ ಬೇಕಾದ ಸಂಖ್ಯೆ ಗೊತ್ತಿರುತ್ತೆ. ಮೇಲಿನವರು ಸೊನ್ನೆ ಅಥವಾ ಒಂದು ಮಾಡಿದ್ದರೆ ಬಂಟ್ ಸಲೀಸು, ಎರಡು ಮಾಡಿದ್ದರೂ ಇಬ್ಬರನ್ನೂ ಮುಂದೆ ದಾಟಿಸೋದು ತಪ್ಪಲ್ಲ. ಮೂರಾದರೆ ಬಂಟ್ ಬರೀ ಔಟ್ ದಾನ.

ಟೈ-ಬ್ರೇಕ್ ಬಂಟ್ ಕೆಡೋದು ಸಾಮಾನ್ಯವಾಗಿ ಮೂರನೇ ಬೇಸಿನಲ್ಲಿ. ಇಬ್ಬರು ಬೇಸಿನಲ್ಲಿ ಇರೋದರಿಂದ ಮೂರನೇ ಬೇಸಿನಲ್ಲಿ ಬರೀ ಬೇಸ್ ಮುಟ್ಟಿದರೆ ಔಟ್, ಮೈಗೆ ಚೆಂಡು ತಾಗಿಸಬೇಕಿಲ್ಲ. ಎಡಗೈ ಪಿಚರ್ ಎಸೆದು ಮುಗಿಸುವಾಗ ಮೂರನೇ ಬೇಸ್ ಬದಿಗೆ ಬೀಳ್ತಾನೆ. ಹಾಗಾಗಿ ಆ ಕಡೆ ಮೆಲ್ಲಗೆ ಬಿಟ್ಟ ಬಂಟ್ ಅವನ ಕೈಗೇ. ಸ್ವಲ್ಪ ಬಿರುಸಾಗಿ, ಮೂರನೇ ಬೇಸ್‌ಮನ್ ಬೇಸ್ ಬಿಟ್ಟು ಬರೋ ಹಾಗೆ ಬಿಡಬೇಕು.

#24 ಅಂಕಪಟ್ಟಿ ಹುಳು

ಸ್ಕೋರ್‌ಬುಕ್‌ನಲ್ಲಿ ಆ ಹತ್ತನೆಯದನ್ನು ಬರೆಯೋದು ಹೇಗೆ? ಬೇಸಿನಲ್ಲಿ ನಿಂತವರು ಹಿಟ್ ಹೊಡೆದಿಲ್ಲ, ವಾಕ್ ಪಡೆದಿಲ್ಲ.

#25 ಎಡಗೈ ಸ್ಕೋರರ್

ಜಪಾನಿನಲ್ಲಿ ಎರಡು ಪದ್ಧತಿ. ಲೀಗ್‌ನ ಅಧಿಕೃತ ದಾಖಲೆಗೆ ಕೇಯೊ ಪದ್ಧತಿ, ಶಾಲೆ ಮತ್ತು ಹವ್ಯಾಸಿಗಳಲ್ಲಿ ಹೆಚ್ಚಾಗಿ ವಾಸೆದಾ ಪದ್ಧತಿ. ವಾಸೆದಾದಲ್ಲಿ ಪ್ರತಿ ಚೌಕದ ನಡುವೆ ಸಣ್ಣ ವಜ್ರಾಕೃತಿ. ಬಲ ಕೆಳಮೂಲೆ ಒಂದನೇ ಬೇಸ್, ಬಲ ಮೇಲ್ಮೂಲೆ ಎರಡು, ಎಡ ಮೇಲೆ ಮೂರು, ಎಡ ಕೆಳಗೆ ಹೋಮ್. ಔಟ್‌ಗಳು ನಡುವೆ ರೋಮನ್ ಅಂಕಿಯಲ್ಲಿ. ಪಿಚರ್ ಹೊಣೆಯ ರನ್ ಆದರೆ ತುಂಬಿದ ಕಪ್ಪು ಬೊಟ್ಟು, ಹೊಣೆ ಅಲ್ಲದ್ದಾದರೆ ಖಾಲಿ ವೃತ್ತ.

ಹತ್ತನೇ ಅಂಕಣದಲ್ಲಿ ಮೊದಲ ಬ್ಯಾಟರ್‌ಗಿಂತ ಮೇಲಿನ ಎರಡು ಚೌಕಗಳಲ್ಲಿ ಓಟಗಾರರನ್ನು ಟಿಬಿ ಅಂತ ಗುರುತಿಸಿ ಇಟ್ಟು ಶುರು ಮಾಡಿ. ಅವರಿಗೆ ಬ್ಯಾಟಿಂಗ್ ಸರದಿ ಎಣಿಸಬೇಡಿ. ಈ ಇಬ್ಬರು ಮನೆ ಮುಟ್ಟಿದರೆ ಖಾಲಿ ವೃತ್ತ, ಪಿಚರ್‌ನ ಇಆರ್‌ಎಗೆ ಸೇರಲ್ಲ. ಈಗ ಫೈನಲ್‌ನ ಚೌಕ ತುಂಬಿ ನೋಡಿ. ವಾಕ್‌ಗೆ ಬಂದವನು ಟೈ-ಬ್ರೇಕ್‌ನ ಎರಡನೇ ಬೇಸಿನವನು, ಎತ್ತರದ ಹೊಡೆತಕ್ಕೆ ಬಂದವನು ಒಂದನೇ ಬೇಸಿನವನು. ಎರಡೂ ಖಾಲಿ ವೃತ್ತ. ಕಪ್ ಕೈ ತಪ್ಪಿಸಿದ ಎರಡು ರನ್ ಕಾಂತೊ ಪಿಚರ್‌ನ ಇಆರ್‌ಎಯಲ್ಲಿ ಕಾಣಿಸುವುದೇ ಇಲ್ಲ.

#26 ಮೂಲೆ ಸೀಟು

2026ರಿಂದ ಡಿಎಚ್ ಬಂದಮೇಲೆ ಆ ಬದಲಿ ಬ್ಯಾಟರ್ ಚಾಲಾಕಿಯೂ ಹೋಯ್ತು ಬಿಡಿ.

#27 ಏಳನೇ ಇನ್ನಿಂಗ್ಸ್

ಡಿಎಚ್ ಹಾಕಲೇಬೇಕು ಅಂತ ಇಲ್ಲ, ಪಿಚರ್ ಒಳ್ಳೆ ಬ್ಯಾಟರ್ ಆಗಿದ್ದರೆ ಹಾಗೇ ಬಿಡಬಹುದು. ಆದರೆ ಡಿಎಚ್ ಹಾಕಿದ ತಂಡದಲ್ಲಿ ಏಸ್ ಹತ್ತನೇ ಇನ್ನಿಂಗ್ಸ್‌ಗೂ ಉಳೀತಾನೆ, ಅವನ ಸರದಿ ಬರೋದೇ ಇಲ್ಲ. ತೆಗೆಯೋದಕ್ಕೆ ಬ್ಯಾಟಿಂಗ್ ನೆಪ ಇಲ್ಲದ ಮೇಲೆ, ತೋಳು ದಣಿದಿದೆಯಾ ಅಂತ ಕೋಚ್ ಕಣ್ಣಾರೆ ನೋಡಿಯೇ ಹೇಳಬೇಕು.

#28 ಹೊಸಬ

ನಾನು ಮುಂದಿನ ಸೀಸನ್ ಹಿಂದೆ ಬೀಳಬೇಕು ಅಂತಿದ್ದೇನೆ. ಇಲ್ಲಿನ ಗಂಟೆ ಲೆಕ್ಕ?

#29 ಅಂಕಪಟ್ಟಿ ಹುಳು

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಲೀಗ್‌ನ ವಾರದ ದಿನದ ಪಂದ್ಯ ಹೆಚ್ಚಾಗಿ ಅಲ್ಲಿ ಸಂಜೆ 6ಕ್ಕೆ, ಇಲ್ಲಿ ಮಧ್ಯಾಹ್ನ 2:30. ಕೋಶಿಯೆನ್ ಮೊದಲ ಪಂದ್ಯ ಅಲ್ಲಿ ಬೆಳಿಗ್ಗೆ 8, ಅಂದರೆ ಬೆಂಗಳೂರಲ್ಲಿ ಹಾಲಿನವನು ಬರೋ ಮೊದಲು, 4:30. ಪಂದ್ಯ ಶುರುವಿಗೂ ಮುಗಿದಾಗಲೂ ಸೈರನ್ ಊದ್ತಾರೆ, ಹೆಡ್‌ಫೋನ್ ಹಾಕಿಕೊಳ್ಳಿ.